ಹನ್ನೊಂದಕ್ಕ ನಿಂತದ್ದು

ವಾಸ್ಕೋ ಮೀನ್ ಮಾರ್ಕೆಟ್ಟಿನ ಹಿಂದ
ನನ್ನ ಮೂರು ಫೂಟಿನ ಅಂಗಡಿ.
ಯಮನೂರ ಅಂತ ಬೋರ್ಡಿನ್ಯಾಗ ಐತಿ,
ಎರ್ಮೆಲಿಂದಾಬಾಯಿ ಬಾಯಾಗ ಅದು ರಮೋನ್ ಆಗ್ತೈತಿ.
ಹನ್ನೆರಡು ವರ್ಷ ಆತು, ನಾ ತಿದ್ದಿಲ್ಲ.
ಎಲ್ಲಾದಕ್ಕೂ ರಿಪೇರಿ ಯಾಕ ಬೇಕು.

ಬುಧವಾರ ಮಧ್ಯಾಹ್ನ ಬಂದ್ಲು.
ಬ್ರೆಡ್ಡಿನ ಚೀಲದಾಗ ಸುತ್ತಿ ತಂದಿದ್ದು ಕೈಯಾಗಿನ ಆಟದ ಯಂತ್ರ,
ಹಡಗಿನ್ಯಾಗಿನ ಮೊಮ್ಮಗ ಸಿಂಗಾಪುರದಾಗ ಕೊಂಡು
ರಜಾ ಮುಗದ ಮ್ಯಾಲ ಮರೆತು ಹೋಗಿದ್ದು.
"ರಾತ್ರಿಯೆಲ್ಲ ಹಚ್ಚಿಡ್ತೀನಿ ಪುತಾ,
ಮುಂಜಾನೆ ನೋಡಿದ್ರ ಹನ್ನೊಂದು."

ಹನ್ನೊಂದು ಅಂದ್ರ ನೂರಕ್ಕ ಹನ್ನೊಂದು.
ಬ್ಯಾಟರಿ ಸತ್ತೈತಿ ಅಂತ ಹೇಳಿ
ಮೂರು ಸಾವಿರ ಇಸಗೋಬಹುದಿತ್ತು,
ಎದುರಿನ ಅಂಗಡ್ಯಾಂವ ಇಸಗೊಳ್ತಿದ್ದ.
ನಮ್ಮಪ್ಪ ಬಂದರದಾಗ ಅದಿರು ಹೊತ್ತಾಂವ,
ತೂಗಿ ಮಾತಾಡಲೇ ಅಂತಿದ್ದ.
ಮೀಟರ್ ಹಚ್ಚಿದೆ.

ಪಾಯಿಂಟ್ ಮೂರು ಆಂಪೇರ್.
ಬೈನಾದಾಗ ಮೇ ತಿಂಗಳ ನಲ್ಲಿ,
ಕೊಡಾ ಇಟ್ಟು ನಾವು ಕುಂದ್ರತಿದ್ವಲ್ಲ,
ಹಂಗ.

ಮೊದಲು ವಯರ್ ನೋಡಿದೆ. ಯಾವುದೋ ಟಾರ್ಚಿನ ಕೂಡ ಬಂದಿದ್ದು,
ಶಾವಿಗಿ ಎಳಿಯಷ್ಟು ತೆಳ್ಳಗ.
ಚಾರ್ಜರ್ ನೋಡಿದೆ. ಸತ್ತ ಗಂಡನ ಡಬ್ಬಾ ಫೋನಿಂದು.
"ಇನ್ನೂ ಬಿಸಿ ಆಗ್ತೈತಿ" ಅಂದ್ಲು, ಅಭಿಮಾನದಿಂದ.
ಎರಡೂ ಬದಲಿ ಮಾಡಿದೆ.
ಪಾಯಿಂಟ್ ನಾಕು. ಅಷ್ಟಽ.

ಭೂತಗನ್ನಡಿ ಇಟ್ಟು ತೂತಿನೊಳಗ ಬಗ್ಗಿದೆ.
ಬಿಳೀದು ಏನೋ,
ಹಲ್ಲಿನ ಸಂದ್ಯಾಗ ಸಿಕ್ಕ ಕೊಬ್ಬರಿ ಹಂಗ.
ಬಟ್ಟಿ ನಾರಲ್ಲ, ಉಸುಕಲ್ಲ,
ಉಪ್ಪಿನ ಹವಾಕ್ಕ ಹತ್ತೂ ಹಸಿರು ತುಕ್ಕೂ ಅಲ್ಲ,
ಈ ಊರಾಗ ಮುಕ್ಕಾಲುಪಾಲು ರೋಗ ಅದಽ.
ಕಟ್ಟಿಗಿ ಕಡ್ಡೀಲೆ ಕೆದರಿ ತಗದು ಮೂಸಿದೆ.
ಮೇಣ.

"ಎಲ್ಲಿಡ್ತೀರಿ ಇದನ್ನ?"
"ದೇವರ ಗೂಡಿನ್ಯಾಗ. ಪ್ಲಗ್ ಇರೂದು ಅಲ್ಲೇ,
ಕೆಂಪು ಬಲ್ಬಿನ ಬಾಜೂಕ."
ಸಂತ ಅಂತೋನಿಯ ಕಾಲ ಬುಡಕ, ಮೊಂಬತ್ತಿ ಕೆಳಗ!
ನಕ್ಕರ ಬೈತಾಳಂತ
ಸ್ಪಿರಿಟ್ ಬಾಟಲಿ ಹುಡುಕಿದಂಗ ಮಾಡಿದೆ.

ಒರೆಸಿ ಹಚ್ಚಿದ್ರ ಒಂದು ಪಾಯಿಂಟ್ ಆರು.
ಗೆದ್ದೆ ಅಂತ ಚಾ ಹೇಳಾಕ ಹೋದೆ.
ಕಾಲು ತಾಸಿಗೆ ಬಂದು ನೋಡಿದ್ರ ಮತ್ತ ಹನ್ನೊಂದು.
ಮೀಟರಿನ್ಯಾಗ ನೀರು ಹರದಽ ಹರೀತೈತಿ,
ಕೊಡಾ ತುಂಬವಲ್ದು.
ಆವಾಗ ಆಕಿ ಕಡೆ ತಿರುಗಿದೆ.
ಕನ್ನಡಕ ಮೂಗಿನ ತುದಿಗೆ, ನಾಲಿಗಿ ಹಲ್ಲಾಗ ಕಚ್ಚಿ,
ಪರದೆ ಬೆಳಕು ಪೂರ್ತಿ ಏರಿಸಿ,
ವಯರ್ ಕೂಡ ಯಂತ್ರಾನ ಮಡಿಲಿಗೆ ಎಳಕೊಂಡು
ಎಪ್ಪತ್ತೆರಡರ ಮುದುಕಿ
ಇಷ್ಟಽ ಇಷ್ಟು ಮನಿಶ್ಯಾನ್ನ ನದಿ ದಾಟಸಾಕತ್ತಿದ್ಲು.

"ರಾತ್ರೀನೂ ಹಿಂಗಽ ಏನು?"
"ಮೊಣಕಾಲೂರಿ. ಎರಡು ಗಂಟಿ ತನಕ.
ಬಾಜೂ ಮನಿ ಸೆಬಾಸ್ತಿಯಾನಾ ಕಿಟಕ್ಯಾಗ ನೋಡಿ
ಪಾದ್ರಿಗೆ ಹೇಳ್ಯಾಳ,
ಎರ್ಮೆಲಿಂದಾ ಈಗೀಗ ಭಾಳ ಭಕ್ತಿಯಾಕಿ ಅಂತ."

ಹಚ್ಚಿದಾಗ ಆಡಬ್ಯಾಡ್ರಿ ಬಾಯಿ.
ಬೆಳಕು ಅರ್ಧ ಇಳಿಸ್ರಿ.
ಎರಡು ತಾಸು ಅದರ ಪಾಡಿಗೆ ಅದನ್ನ ಬಿಡ್ರಿ.
"ಎರಡು ತಾಸು?"
ಅಷ್ಟೊತ್ತಿನ ತನಕ ಇರದಿದ್ದ ವಯಸ್ಸು
ಆಕಿ ಮುಖಕ್ಕ ಬಂತು.
"ಎರಡು ತಾಸು ನಾ ಏನು ಮಾಡ್ಲಿ ರಮೋನ್?"

ಅದಕ್ಕ ನನ್ನ ಹತ್ರ ಬಿಡಿಭಾಗ ಇಲ್ಲ.
ಸ್ಟೂಲ್ ಕೊಟ್ಟೆ. ಚಾ ಬಂತು.
ಬುಟ್ಟಿ ತೊಳೆದ ನೀರು ಮಾರ್ಕೆಟ್ಟಿನಿಂದ ಗಟಾರಕ್ಕ ಹೊಂಟಿತ್ತು,
ಒಂದು ಬೆಕ್ಕು ಅದರ ಜೋಡಿ ನಡಕೋತ.
ಮೊಮ್ಮಗನ ಹಡಗಿನ ಹೆಸರು ಹೇಳಿದ್ಲು,
ಆಮ್ಯಾಲೆ ಮತ್ತೊಂದು ಹೇಳಿದ್ಲು.
ಹದಿನಾಲ್ಕು. ಹತ್ತೊಂಬತ್ತು.
ಇಪ್ಪತ್ಮೂರಕ್ಕ ಕೈ ಚಾಚಿದ್ಲು,
ಟೆಸ್ಟರಿನ ತುದೀಲೆ ಬೆರಳಿಗೆ ಮೆಲ್ಲಕ ಒಂದು ಕೊಟ್ಟೆ.

"ಹೋಗ್ಲಿ ಬಿಡು," ಅಂದ್ಲು,
"ಆ ನದಿ ಹೆಂಗ ದಾಟೂದು, ಅದನ್ನಾರ ಹೇಳು."

ಇಂಥಾವು ನೂರಾರು ನನ್ನ ಕೈಯಾಗ ಹಾದು ಹೋಗ್ಯಾವು.
ಒಂದನ್ನೂ ಆಡಿದಾಂವಲ್ಲ.
ಬರೇ ತೆರದೀನಿ,
ಮುಚ್ಚೀನಿ.