ಐದರಿಂದ ಹತ್ತು

ಬೆಳಗಿನ ಐದರಿಂದ ಹತ್ತು ನನ್ನವು.
ಕೌಲ್ ಬಜಾರಿನ ಹಿಂದಣ ಗಲ್ಲಿಯಲ್ಲಿ
ಶಟರಿನ ಬೀಗ ನಾನೇ ತೆಗೆಯುತ್ತೇನೆ,
ಎಡಗೈಯಿಂದ. ಬಲಗೈ ಬೆರಳಿಗೆ
ಕೀಲಿ ಯಾವುದು, ಮೊಳೆ ಯಾವುದು ತಿಳಿಯದು,
ಕಣ್ಣೇ ನೋಡಿ ಹೇಳಬೇಕು ಅದಕ್ಕೆ.

ಹತ್ತಕ್ಕೆ ಗುಡ್ಡ ಕಾಯುತ್ತದೆ.
ಗುಡ್ಡ ಕಾದ ಅರ್ಧ ಗಂಟೆಗೆ ನನ್ನ ಕಣ್ಣು:
ನೀಲಿ ಬಟ್ಟೆ ಹೊಗೆಯಾಗುತ್ತದೆ,
ಜಿಪ್ಪಿನ ಹಲ್ಲು ಒಂದಕ್ಕೊಂದು ಅಂಟಿ
ಬೊಚ್ಚುಬಾಯಾಗುತ್ತದೆ.
ಮೊದಲ ಬೇಸಿಗೆ ಅತ್ತಿದ್ದೆ, ಕುರುಡಿಯಾದೆ ಅಂತ.
ಈಗ ಐಸ್‌ಕ್ಯಾಂಡಿ ಬಂಡಿಯ ಖಾಸೀಮ
ಟಿಫಿನ್ ಡಬ್ಬಿಗೆ ಚೂರು ಐಸು ಹಾಕಿ ಕೊಡುತ್ತಾನೆ.
ಒದ್ದೆ ಟವೆಲು ಕುತ್ತಿಗೆಗೆ, ಮಣಿಕಟ್ಟಿಗೆ,
ಗೋಡೆಗೊರಗಿ ಇಪ್ಪತ್ತು ನಿಮಿಷ.
ಕಣ್ಣು ವಾಪಸು ಬರುತ್ತದೆ,
ಜಗಳಾಡಿ ಹೋದ ನಾದಿನಿಯಂತೆ, ಮಾತಿಲ್ಲದೆ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು,
ನರ, ನರದ ಮೇಲಿನ ಹೊದಿಕೆ, ಅಲ್ಲಲ್ಲಿ ಸವೆದದ್ದು.
ಮಲ್ಟಿಪಲ್ ಸ್ಕ್ಲೆರೋಸಿಸ್: ಮೂರು ಸಲ ಹೇಳಿಸಿದರು.
ಸೂಜಿ ಇಳೀತೈತೆ, ಕೆಳಗಿನ ದಾರ ಹಿಡಿಯಲ್ಲ,
ಹಂಗೇನು ಮೇಡಮ್ಮ?
ಹೌದು, ಟಾಕೆ ತಪ್ಪಿದ ಹಾಗೇ, ಅಂದರು.
ಬಿಚ್ಚಿ ಹೊಲಿಯಾಕ ಬರಲ್ಲೇನು?
ಅವರು ಪೆನ್ನಿಗೆ ಮುಚ್ಚಳ ಹಾಕಿದರು.

ಉಚ್ಚೆಯ ಮಾತು ಯಾರಿಗೂ ಹೇಳಿರಲಿಲ್ಲ.
ನೀರು ಕುಡಿಯುವುದನ್ನೇ ಬಿಟ್ಟೆ. ಉರಿ ಹತ್ತಿತು, ಜ್ವರ ಬಂತು,
ಜ್ವರದ ಜೊತೆ ಕಾಲೂ ಹೋಯಿತು ನಾಲ್ಕು ದಿನ.
ಈಗ ಗಡಿಯಾರ ನೋಡಿ ಕುಡಿಯುತ್ತೇನೆ,
ಗಡಿಯಾರ ನೋಡಿ ಏಳುತ್ತೇನೆ, ಬಂದರೂ ಬಾರದಿದ್ದರೂ.
ಮಸ್ತಾನಮ್ಮ ನನ್ನ ಮಿಷನ್ನನ್ನು
ಸಂಡಾಸಿಗೆ ಒಂಬತ್ತು ಹೆಜ್ಜೆಗೆ ಎಳೆದಿಟ್ಟಳು.
ಯಾಕೆಂದವರಿಗೆ, ಗಾಳಿಗೆ, ಅಂದಳು.
ಅಲ್ಲಿ ಗಾಳಿಯೇ ಇಲ್ಲ.

ರಾತ್ರಿ ಮೀನಖಂಡ ಸೆಟೆದು ಹಲಗೆಯಾದಾಗ
ಹಳೆ ಜೀನ್ಸಿನ ಕಾಲೊಂದನ್ನು ಪಾದಕ್ಕೆ ಸಿಗಿಸಿ
ಎರಡೂ ಕೈಲಿ ಮೆಲ್ಲಗೆ ಎಳೆಯುತ್ತೇನೆ, ಮೂವತ್ತು ಎಣಿಸಿ.
ಹನ್ನೆರಡಕ್ಕೇ ಬಿಟ್ಟು ಬೈದದ್ದೂ ಉಂಟು.

ದಣಿವಿಗೆ ಮಾತ್ರ ಉಪಾಯ ಕಡಿಮೆ.
ಮಲಗಿದರೆ ಹೋಗುವ ದಣಿವಲ್ಲ,
ಒದ್ದೆ ಡೆನಿಮ್ಮಿನ ಥಾನು ಹೊತ್ತ ಹಾಗೆ.
ಹೊತ್ತಿದ್ದೇನೆ, ಗೊತ್ತು.
ನೋಡಾಕೆ ಚೆಂದಾಗೇ ಅದೀಯಲ್ಲ, ಅನ್ನುತ್ತಾನೆ ಮಾಲೀಕ.
ದಿನಕ್ಕೆ ನೂರೈವತ್ತು ಜಿಪ್ಪಿದ್ದದ್ದು ಈಗ ಅರವತ್ತು.
ಪುಸ್ತಕದಲ್ಲಿ ನಾನೇ ಬರೆಯುತ್ತೇನೆ,
ಅರವತ್ತನ್ನು ಅರವತ್ತೆಂದೇ.

ನಿನ್ನೆ ಒಂದು ಪ್ಯಾಂಟು ವಾಪಸು ಬಂತು, ಜಿಪ್ಪು ಸೊಟ್ಟ.
ಎಲ್ಲರೂ ನನ್ನತ್ತ ನೋಡಿದರು.
ತಿರುವಿ ನೋಡಿ ತಿರುಗಿ ಕೊಟ್ಟೆ:
ನನ್ನದಲ್ಲ ಇದು.
ನನ್ನದು ತಪ್ಪಿದರೆ ಬಲಕ್ಕೆ ತಪ್ಪುತ್ತದೆ.