ಏನು ಕಂಡೆ ಇವತ್ತು

ಕಣಿವೆಯ ಕೊನೆಮನೆ ಡೋಲಿನಾಳದು.
ಅಲ್ಲಿಗೆ ರಸ್ತೆ ಮುಗಿಯುತ್ತದೆ, ನನ್ನ ಟಪಾಲೂ.
ಕಾಗದವಿಲ್ಲದ ದಿನವೂ
ಕೆಂಪು ವ್ಯಾನು ತಾನಾಗಿ ಅತ್ತ ತಿರುಗುತ್ತದೆ.
ಹನ್ನೊಂದು ವರ್ಷದಿಂದ ಅವಳಿಗೆ ಕಣ್ಣು ಕಾಣದು.
ಇನ್ವರ್ನೆಸ್ ಆಸ್ಪತ್ರೆಯ ಲಕೋಟೆ ಕೈಗಿಟ್ಟರೆ
ಒಡೆಯದೆ ತೊಡೆಯಡಿ ಸೇರಿಸಿ ಕೇಳುತ್ತಾಳೆ:
ಏನು ಕಂಡೆ ಇವತ್ತು?

ಮೊದಮೊದಲು ‘ಜಿಂಕೆ’ ಎನ್ನುತ್ತಿದ್ದೆ.
ಎಷ್ಟು? ಹೆಣ್ಣೋ ಗಂಡೋ? ಕೊಂಬು ಉದುರಿತ್ತೋ?
ಗಾಳಿಗೆ ಬೆನ್ನು ಕೊಟ್ಟಿದ್ದವೋ, ಮುಖವೋ?
ಓದದೆ ಪರೀಕ್ಷೆಗೆ ಬಂದ ಹುಡುಗಿಯ ಹಾಗೆ
ಹೊಸಿಲಲ್ಲಿ ನಿಂತು ನನ್ನ ಬೂಟು ನೋಡಿಕೊಳ್ಳುತ್ತಿದ್ದೆ.
ಆಮೇಲೆ ಕಲಿತೆ:
ಎಂಜಿನ್ ಆರಿಸಿ, ಗಾಜು ಇಳಿಸಿ,
ಯಾರಿಗೂ ಬೇಡದ ಜಾಹೀರಾತಿನ ಹಿಂಬದಿಗೆ ಬರೆಯುವುದು.

ಅಕ್ಟೋಬರ್ ಮೂರು.
ಗಂಡು ಸಾರಂಗದ ಗುಟುರು, ಎರಡು ದಿಕ್ಕಿನಿಂದ.
ಒಂದರ ಗಂಟಲು ಒಡೆದಿದೆ.
“ಅದು ಮುದಿಯ. ಈ ಸಲ ಸೋಲುತ್ತಾನೆ.”
ಸೋತ.
ಅಕ್ಟೋಬರ್ ಹನ್ನೊಂದು.
ಐಸ್‌ಲ್ಯಾಂಡಿನಿಂದ ಹಂಸಗಳು, ಹದಿನಾಲ್ಕು.
ಅವು ಇಳಿದಾಗ ಕಪ್ಪು ನೀರು ಬೆಚ್ಚಿಬಿತ್ತು.
“ನೀರು ಬೆಚ್ಚುವುದಿಲ್ಲ.
ಹದಿನಾಲ್ಕರಲ್ಲಿ ಬೂದು ಮರಿ ಎಷ್ಟು, ಅದು ಹೇಳು.”

ಉಪಮೆ ಅವಳಿಗೆ ಆಗದು.
ರೋವನ್ ಹಣ್ಣು ಕೆಂಡದ ಹಾಗಿದೆ ಎಂದರೆ
ಕೆಂಡ ನನಗೆ ಗೊತ್ತು, ಹಣ್ಣಿನ ಮಾತಾಡು, ಎನ್ನುತ್ತಾಳೆ.
ಹೀಗೆ ನನ್ನ ನಾಲಿಗೆ ಬಡವಾಯಿತು,
ಕಣ್ಣಿಗೆ ಮಾತ್ರ ಒಂದಿಷ್ಟು ಆಸ್ತಿಯಾಯಿತು.

ನವೆಂಬರ್ ಇಪ್ಪತ್ತಾರು. ಹಿಮ ಬಿದ್ದಿಲ್ಲ.
ಬೆಟ್ಟ ಇನ್ನೂ ಕಂದು, ಒದ್ದೆ;
ಜರಿಗಿಡ ಮುರಿದು ನೆಲಕ್ಕೊರಗಿ ತುಕ್ಕು ಹಿಡಿದಿದೆ.
ಅದರ ನಡುವೆ ಮೊಲ, ಪೂರ್ತಿ ಬೆಳ್ಳಗೆ.
ದಿನ ಎಣಿಸಿ, ಅಂಗಿ ಬದಲಿಸಿ,
ರದ್ದಾದ ಮದುವೆಗೆ ಬಂದು ಕೂತಂತೆ
(ಇದನ್ನು ಅವಳಿಗೆ ಹೇಳಲಿಲ್ಲ)
ಯಾರಿಗೂ ತಾನು ಕಾಣೆನೆಂದೇ ನಂಬಿ, ಕಿವಿಯೂ ಅಲುಗಿಸದೆ.
ಅರ್ಧ ಮೈಲಿಯಿಂದ ನನಗೆ ಕಂಡಿತು.
ಮೇಲೆ ಸುತ್ತುತ್ತಿದ್ದ ಹದ್ದಿಗೂ.
ಆವತ್ತು ಡೋಲಿನಾ ಪ್ರಶ್ನೆ ಕೇಳಲಿಲ್ಲ.
ಕೆಟಲ್ ಕೂಗಿ ಕೂಗಿ ತಾನೇ ಸುಮ್ಮನಾಯಿತು.

ಮಾರ್ಚಿನಲ್ಲಿ ಟಿಟ್ಟಿಭ ಬಂತು, ಎರಡು ಜೋಡಿ.
ಬರ್ಚ್ ಮರದ ತುದಿಟೊಂಗೆಗೆ ನೇರಳೆ ಬಣ್ಣ ಬಂತು.
ಕರ್ಲ್ಯೂ ಬರಲಿಲ್ಲ.
ಗೇಲಿಕ್‌ನಲ್ಲಿ ಅದರ ಹೆಸರಿನೊಳಗೇ ಕೊಕ್ಕಿದೆ,
ಉದ್ದನೆಯ, ಕೆಳಕ್ಕೆ ಬಾಗಿದ ಕೊಕ್ಕು;
ಕೂಗಿದರೆ ನೀರು ಗುಳುಗುಳು ಕುದಿದು ಮೇಲೇರಿದ ಸದ್ದು.
ಫಾರ್ಕರನ ಹುಲ್ಲುಗಾವಲಿನಲ್ಲಿ
ಹಿಂದೆ ಏಳು ಜೋಡಿ ಗೂಡು ಕಟ್ಟುತ್ತಿದ್ದವಂತೆ. ಆಮೇಲೆ ಎರಡು.
ಹೋದ ವರ್ಷ ಒಂದೇ ಹಕ್ಕಿ,
ಎರಡು ವಾರ ಕೂಗಿ ಕೂಗಿ, ಉತ್ತರ ಬರದೆ, ಹೋಯಿತು.
ದಿನಾ ಅಲ್ಲಿ ಎಂಜಿನ್ ಆರಿಸಿದೆ.
ಕುರಿ. ತಂತಿಬೇಲಿ. ಕುರಿ.

ಏಪ್ರಿಲ್ ಇಪ್ಪತ್ತೆರಡಕ್ಕೆ ಸುಳ್ಳು ಹೇಳಿದೆ.
ಕೇಳಿಸಿತು ಎಂದೆ. ದೂರದಲ್ಲಿ, ಒಂದೇ ಸಲ.
ಡೋಲಿನಾ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ.
“ಫೆಬ್ರವರಿಯಿಂದ ಈ ಕಿಟಕಿ ಮುಚ್ಚಿಲ್ಲ ನಾನು.
ಮುಟ್ಟಿ ನೋಡು, ಗೋಡೆಗೆ ಬೂಷ್ಟು.
ಒಲೆಗೆ ಎರಡರಷ್ಟು ಪೀಟ್ ಸುರಿದಿದ್ದೇನೆ.
ಬರದ್ದನ್ನು ಬರಲಿಲ್ಲ ಅಂತಲೇ ಬರಿ, ಹುಡುಗಿ.
ತಾರೀಖು ಹಾಕಿ ಬರಿ. ಅದೂ ಕಂಡದ್ದೇ.”

ಇಪ್ಪತ್ಮೂರು. ಕರ್ಲ್ಯೂ ಇಲ್ಲ.
ಇಪ್ಪತ್ನಾಲ್ಕು. ಇಲ್ಲ. ನೈಋತ್ಯದ ಗಾಳಿ.
ಇಪ್ಪತ್ತೈದು. ಇಲ್ಲ. ಕುಕ್ಕೂ ಮೊದಲ ಕರೆ, ಏಳೂ ಹತ್ತಕ್ಕೆ.
ಇಪ್ಪತ್ತಾರು ಭಾನುವಾರ. ಟಪಾಲಿಲ್ಲ. ಆದರೂ ಹೋದೆ.
ಇಲ್ಲ.

ಈಗ ಜೂನ್.
ರಾತ್ರಿ ಹನ್ನೊಂದಕ್ಕೂ ಅಕ್ಷರ ಓದುವಷ್ಟು ಬೆಳಕು.
ಗಾಳಿ ನಿಂತಿದೆ, ಜೌಗಿನಿಂದ ನುಸಿ ಎದ್ದು
ತೆರೆದ ಕಿಟಕಿಯಲ್ಲಿ ಹೊಗೆಯಾಗಿ ನುಗ್ಗುತ್ತಿವೆ.
ಅವಳ ನೆತ್ತಿಯ ತೆಳುಗೂದಲ ತುಂಬ ಅವೇ.
ಮುಚ್ಚಲೇ? ಎಂದೆ, ಚಿಲಕಕ್ಕೆ ಕೈಯಿಟ್ಟು.
“ಇರಲಿ ಬಿಡು,” ಎಂದಳು ಕೆನ್ನೆ ಕೆರೆದುಕೊಳ್ಳುತ್ತ,
“ಇವಾದರೂ ಬಂದಿವೆಯಲ್ಲ.”
ಎಷ್ಟು ಎಂದು ಮಾತ್ರ ಕೇಳಲಿಲ್ಲ.