ತೊಳೆದರೂ ಹೋಗದ್ದು

ಹಗಲೆಲ್ಲ ನನ್ನ ಕೆಲಸ ಬಣ್ಣ ತೆಗೆಯುವುದು.
ಕೌಲ್ ಬಜಾರಿನ ಹಿಂದೆ, ತಗಡಿನ ಶೆಡ್ಡಿನಲ್ಲಿ,
ಹೊಸ ಜೀನ್ಸಿನ ಮೊಣಕಾಲಿಗೆ ಉಜ್ಜುಕಾಗದ ಹಿಡಿದು
ಹತ್ತು ವರ್ಷ ತೊಟ್ಟಂತೆ ಸವೆಸುತ್ತೇನೆ.
ಎಷ್ಟು ಉಜ್ಜಿದರೆ ನೀಲಿ ಹೋಗುತ್ತದೆ,
ಎಲ್ಲಿ ಕೈ ತಡೆದರೆ ಉಳಿಯುತ್ತದೆ,
ಅಂಗೈಗೆ ಗೊತ್ತು.
ಉಗುರಿನ ಸಂದಿಯ ನೀಲಿ ಮಾತ್ರ
ಯಾವ ಸೋಪಿಗೂ ಬಗ್ಗಿಲ್ಲ.

ಅಮಾವಾಸ್ಯೆಗೆ ಮೂರು ದಿನ ಮುಂಚೆ, ಮೂರು ದಿನ ಆಮೇಲೆ,
ಸ್ಕೂಟರಿಗೆ ಟ್ರೈಪಾಡು ಕಟ್ಟಿ
ಕುರುಗೋಡಿನ ಗುಡ್ಡದ ಬೆನ್ನಿಗೆ ಹೋಗುತ್ತೇನೆ.
ಅಲ್ಲಿ ಬಂಡೆಯ ಮೇಲೆ ಒಣಮೆಣಸಿನಕಾಯಿ,
ಕಾವಲಿಗೆ ಯರ್ರಿಸ್ವಾಮಿ,
ಅವನ ಬ್ಯಾಟರಿ, ಅವನ ಸೀನು.
"ಬ್ಯಾಟ್ರಿ ಆರ್ಸಪ್ಪೋ" ಎಂದರೆ
"ಕಳ್ಳ ಬಂದ್ರ ನಿನ್ನ ಚುಕ್ಕಿ ಹಿಡೀತಾವೇನು?"
ಅನ್ನುತ್ತಾನೆ. ಆರಿಸುತ್ತಾನೆ.

ಸುರುಳಿ ಗೆಲಾಕ್ಸಿ ಅದು. ಪಟ್ಟಿಯಲ್ಲಿ ಅದರ ನಂಬರು ಎಂಬತ್ತಮೂರು.
ಬೆಳಕಿಗೂ ಅಲ್ಲಿಂದ ಒಂದೂವರೆ ಕೋಟಿ ವರ್ಷದ ದಾರಿ;
ಈ ಲೆಕ್ಕದಲ್ಲಿ ನೆರೆಮನೆ.
ಅದರ ಚಂದದ ತೋಳುಗಳನ್ನು ಎಲ್ಲರೂ ತೆಗೆದಿದ್ದಾರೆ.
ನನಗೆ ಬೇಕಾದ್ದು ಅದರ ಹೊರಗೆ, ಬಡಗಣ ಅಂಚಿಗೆ,
ಇದೆಯೋ ಇಲ್ಲವೋ ಎಂಬಂಥ ಒಂದು ಕಮಾನು:
ಎಂದೋ ಹತ್ತಿರ ಸುಳಿದ ಸಣ್ಣ ಗೆಲಾಕ್ಸಿಯೊಂದು
ಎಳೆ ಎಳೆಯಾಗಿ ಬಿಚ್ಚಿಹೋದ ಗುರುತು.
ಬಟ್ಟೆ ಹರಿದಲ್ಲಿ ನೂಲು ಜೋತಂತೆ
ನಕ್ಷತ್ರಗಳು ಜೋತಿವೆಯಂತೆ.

ಕಣ್ಣಿಗೆ ಕಾಣುವುದಿಲ್ಲ. ದುರ್ಬೀನಿಗೆ ಕಣ್ಣಿಟ್ಟರೂ ಇಲ್ಲ.
ಐದೈದು ನಿಮಿಷದ ಫೋಟೋ, ಒಂದರ ಮೇಲೊಂದು,
ನೂರು, ನೂರೈವತ್ತು ಪೇರಿಸಬೇಕು.
ಗದ್ದಲ ತನ್ನಲ್ಲೇ ಹೊಡೆದಾಡಿ ಸಾಯಬೇಕು.
ಅದೂ ರಾತ್ರಿ ಒಂದೂವರೆಯೊಳಗೆ. ಆಮೇಲೆ ಪಡುವಣಕ್ಕೆ ಜಾರಿ
ತೋರಣಗಲ್ಲಿನ ಕುಲುಮೆಗಳ ಬೆಳಕಿಗೆ ಬೀಳುತ್ತದೆ.
ಅಲ್ಲಿ ಕಾದ ಕಿಟ್ಟ ಸುರಿದಾಗಲೊಮ್ಮೆ
ಆಕಾಶ ಸುಟ್ಟ ಇಟ್ಟಿಗೆ.
ಆ ಐದು ನಿಮಿಷ ಬುಟ್ಟಿಗೆ.
ಬೈಯಲಾರೆ. ನನ್ನ ತಮ್ಮನ ರಾತ್ರಿಪಾಳಿ ಅಲ್ಲೇ;
ಈ ಕ್ಯಾಮೆರಾಕ್ಕೆ ಅರ್ಧ ದುಡ್ಡು ಅವನದೇ.

ಹನ್ನೊಂದು ತಾಸಿನ ಬೆಳಕು ಕೂಡಿಸಿ
ಯುಗಾದಿ ಕಳೆದ ವಾರ ಪರದೆಯ ಮೇಲೆ ಹಿಂಜಿದೆ,
ಅರಳೆ ಹಿಂಜಿದ ಹಾಗೆ.
ಬಂತು.
ಬಡಗಣ ಅಂಚಿಗೆ ಬೂದಿ ಬೆರಳಿನ ಒಂದು ಗೆರೆ.

ಬೆನ್ನಿಗೇ ಅನುಮಾನವೂ ಬಂತು.
ಈ ಊರ ಧೂಳು ಎಂಥದೆಂದು ಬಲ್ಲೆ.
ಅನ್ನದ ತಟ್ಟೆಗೆ ಬರುವ ಅದಿರಿನ ಕೆಂಪು
ಗಾಜಿಗೆ ಬಾರದೇ?
ಧೂಳಿಗೆ ಬೆಳಕು ತಗುಲಿ ಚದುರಿದರೂ ಹೀಗೇ ಕಾಣುತ್ತದೆ.
ಕಲೆ ಆಕಾಶದ್ದೋ, ನನ್ನದೋ?

ಅದಕ್ಕೊಂದು ಪರೀಕ್ಷೆಯಿದೆ. ಸರಳ, ನಿರ್ದಯ:
ಕ್ಯಾಮೆರಾ ಕಾಲುಸುತ್ತು ತಿರುಗಿಸಿ
ಮೊದಲಿಂದ ಶುರುಮಾಡುವುದು.
ಕೊಳೆಯಾದರೆ ಕ್ಯಾಮೆರಾದ ಜೊತೆ ತಿರುಗುತ್ತದೆ.
ಅಲ್ಲಿಯದೇ ಆದರೆ ಅಲ್ಲೇ ಇರುತ್ತದೆ.
ತಿರುಗಿಸಿದೆ. ಮುಂದಿನ ಅಮಾವಾಸ್ಯೆಯ ತನಕ ಕಾದೆ.
ಎರಡು ರಾತ್ರಿ ಮೋಡಕ್ಕೆ ಹೋದವು,
ಒಂದು ನನ್ನ ನಿದ್ದೆಗೆ.

ಬೆಳಗಿನ ಜಾವ ದುರ್ಬೀನಿನ ಬಾಯಿಗೆ ಬಿಳಿ ಬನೀನು ಬಿಗಿದು
ಬರೀ ಬೆಳಗನ್ನು ತೆಗೆಯಬೇಕು,
ಗಾಜಿನ ಕೊಳೆಯ ಲೆಕ್ಕಕ್ಕೆ.
ಬರಿಮೈಯಲ್ಲಿ ಕೂತವನಿಗೆ ಯರ್ರಿಸ್ವಾಮಿ ಟವಲು ಎಸೆದ.
ಅದರ ತುಂಬ ಮೆಣಸಿನ ಘಾಟು.
ಸೀನಿದೆ. ಒಂದು ಫೋಟೋ ಅಲುಗಿತು.

ಗೆರೆ ತಿರುಗಲಿಲ್ಲ.

ಲ್ಯಾಪ್‌ಟಾಪು ಬಂಡೆಯ ಮೇಲಿಟ್ಟು ಕರೆದೆ.
"ಏನೈತಿ ಇದ್ರಾಗ?"
ಕಪ್ಪನ್ನು ಬಿಳಿ ಮಾಡಿ, ಬಿಳಿಯನ್ನು ಕಪ್ಪು ಮಾಡಿ ತೋರಿಸಿದೆ.
ಪರದೆಗೆ ಬೆರಳಿಟ್ಟು ಬಹಳ ಹೊತ್ತು ನೋಡಿದ.
"ಕುರಿ ಹಿಂಡು ಹೋದಮ್ಯಾಲ
ಜಾಲಿಮುಳ್ಳಿಗೆ ತುಪ್ಪಳ ಹತ್ತಿದಂಗೈತಿ" ಎಂದ.
"ಸಣ್ಣದು ಪೂರಾ ಹೋತೇನು?"
ಹೋಗುತ್ತಿದೆ, ಎಂದೆ.
ಈ ಬೆಳಕು ಹೊರಟಾಗ ಇನ್ನೂ ಹೋಗುತ್ತಿತ್ತು.

ಅವನ ಬೆರಳಿನ ಗುರುತು ಪರದೆಯ ಮೇಲಿದೆ,
ಮೆಣಸಿನ ಕೆಂಪು, ಗೆಲಾಕ್ಸಿಗಿಂತ ಢಾಳಾಗಿ.
ಒರೆಸಬೇಕು.
ಒಂಬತ್ತಕ್ಕೆ ಶೆಡ್ಡು ತೆರೆಯುತ್ತದೆ.
ಮುನ್ನೂರು ಮೊಣಕಾಲು.